ಸೈನ್ ಗ್ರಾಫ್ ಸರಿ ಬರುತ್ತಿಲ್ಲವೇ? ಅಳಿಸುವ ಮುಂಚೆ ಹಿಂದಕ್ಕೆ ಓದಿ

ಗ್ರಾಫ್ ತಪ್ಪಾಗಿದೆ ಅಂತ ಗೊತ್ತಾದ ಕೂಡಲೇ ಹುಡುಗರ ಕೈ ರಬ್ಬರ್ ಕಡೆಗೆ ಹೋಗುತ್ತದೆ. ಅಳಿಸಬೇಡಿ. ಎಲ್ಲಿ ಎಡವಿದಿರಿ ಅನ್ನುವುದಕ್ಕೆ ಸಾಕ್ಷಿ ಇರುವುದೇ ಆ ತಪ್ಪು ಗ್ರಾಫಿನಲ್ಲಿ. ಅದನ್ನು ಅಳಿಸಿ ಮತ್ತೆ ಬರೆದರೆ ಅದೇ ತಪ್ಪು ಇನ್ನೊಂದು ಸಲ, ಸ್ವಲ್ಪ ನೀಟಾಗಿ ಬರುತ್ತದೆ, ಅಷ್ಟೇ.

ಹಾಸನದಲ್ಲಿ ಪಿಯು ಮಕ್ಕಳಿಗೆ ಸಂಜೆ ಹೊತ್ತು ಗಣಿತದ ಟ್ಯೂಷನ್ ಮಾಡುತ್ತೇನೆ. ಸೈನ್, ಕೊಸೈನ್ ಗ್ರಾಫಿನ ತಪ್ಪುಗಳು ನೋಡಲು ಬಗೆಬಗೆಯಾಗಿ ಕಾಣುತ್ತವೆ. ಬುಡ ಹಿಡಿದು ನೋಡಿದರೆ ಅವೇ ಕೆಲವು ತಿರುಗಿ ತಿರುಗಿ ಬರುತ್ತಿರುತ್ತವೆ. ಅವನ್ನು ಪತ್ತೆ ಹಚ್ಚುವ ದಾರಿ ಇಲ್ಲಿದೆ. ಪಿಯು, ಡಿಪ್ಲೊಮಾ ಓದುವವರಿಗೂ, ಮನೆಯಲ್ಲೇ ಮಕ್ಕಳಿಗೆ ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ ಉಪಯೋಗಕ್ಕೆ ಬರಬಹುದು.

ಹಿಂದಕ್ಕೆ ಓದುವುದು ಅಂದರೆ

ಕೊಟ್ಟ ಸಮೀಕರಣವನ್ನು ಪಕ್ಕಕ್ಕಿಡಿ. ನೀವೇ ಬರೆದ ಗ್ರಾಫನ್ನು ಬೇರೆ ಯಾರೋ ಬರೆದದ್ದು ಅಂದುಕೊಂಡು ಓದಿ. ಅದು ಯಾವ ಸಮೀಕರಣದ ಗ್ರಾಫ್ ಅಂತ ಬರೆಯಿರಿ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಬೇರೆಯಾಗಿದೆಯೋ ತಪ್ಪು ಅಲ್ಲೇ ಕೂತಿರುತ್ತದೆ.

ಓದುವುದಕ್ಕೂ ಒಂದು ಕ್ರಮ ಇದೆ. ಮೊದಲು ಎಲ್ಲಕ್ಕಿಂತ ಮೇಲಿನ ಬೆಲೆ, ಎಲ್ಲಕ್ಕಿಂತ ಕೆಳಗಿನ ಬೆಲೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ ಮಿಡ್‌ಲೈನ್. ಮೇಲಿನದರಿಂದ ಕೆಳಗಿನದನ್ನು ಕಳೆದು ಅರ್ಧ ಮಾಡಿದರೆ ಆಂಪ್ಲಿಟ್ಯೂಡ್. ಅಲೆಯ ಅತಿ ಎತ್ತರದ ಜಾಗವನ್ನು ತುದಿ ಅನ್ನೋಣ. ಪಕ್ಕಪಕ್ಕದ ಎರಡು ತುದಿಗಳ ನಡುವಿನ ದೂರ ಪೀರಿಯಡ್. 360ನ್ನು ಪೀರಿಯಡ್‌ನಿಂದ ಭಾಗಿಸಿದರೆ ಎಕ್ಸ್ ಜೊತೆ ಇರಬೇಕಾದ ಸಂಖ್ಯೆ ಸಿಗುತ್ತದೆ. ಫೇಸ್ ಶಿಫ್ಟ್, ಅಂದರೆ ಅಲೆ ಎಷ್ಟು ಪಕ್ಕಕ್ಕೆ ಸರಿದಿದೆ ಅನ್ನುವುದು, ಕೊನೆಗೆ. ಸೈನ್ ಆದರೆ ಗೆರೆ ಮಿಡ್‌ಲೈನ್ ದಾಟಿ ಮೇಲಕ್ಕೆ ಹತ್ತುವ ಜಾಗ, ಕೊಸೈನ್ ಆದರೆ ತುದಿ ಇರುವ ಜಾಗ.

ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ‘ಅಲೆ ಎಲ್ಲಿಂದ ಶುರು?’ ಅನ್ನುವುದನ್ನೇ ಮೊದಲು ಹುಡುಕುತ್ತಾರೆ. ಮಿಡ್‌ಲೈನ್ ಎಲ್ಲಿದೆ ಅಂತಲೇ ಗೊತ್ತಿಲ್ಲದೆ ಅದನ್ನು ದಾಟುವ ಜಾಗ ಹೇಗೆ ಸಿಗಬೇಕು?

ಒಂದು ಉದಾಹರಣೆ. ಪ್ರಶ್ನೆ: ವೈ = 3 ಸೈನ್(2ಎಕ್ಸ್ − 60°) + 1. ಸಕಲೇಶಪುರ ಕಡೆಯಿಂದ ಬರುವ ಒಬ್ಬ ಹುಡುಗಿ ಗ್ರಾಫ್ ಬರೆದು ತಂದಿದ್ದಳು.

‘ಎಲ್ಲಾ ತಪ್ಪಾಗಿದೆ ಸರ್. ಹೊಸ ಶೀಟ್ ಕೊಡಿ.’

‘ಹೊಸದು ಬೇಡ, ಇದನ್ನೇ ಓದು’ ಅಂದೆ.

ಓದಿದಳು. ಮೇಲಿನ ಬೆಲೆ 4, ಕೆಳಗಿನದು −2. ಹಾಗಾದರೆ ಮಿಡ್‌ಲೈನ್ 1, ಆಂಪ್ಲಿಟ್ಯೂಡ್ 3. ಒಂದು ತುದಿ 105°ಯಲ್ಲಿ, ಮುಂದಿನದು 285°ಯಲ್ಲಿ. ಪೀರಿಯಡ್ 180°, ಎಕ್ಸ್ ಜೊತೆ 2. ಗೆರೆ ಮಿಡ್‌ಲೈನ್ ಹತ್ತುವುದು 60°ಯಲ್ಲಿ. ಅಂದರೆ ಅವಳು ಬರೆದದ್ದು 3 ಸೈನ್ 2(ಎಕ್ಸ್ − 60°) + 1. ಬ್ರಾಕೆಟ್ ಬಿಡಿಸಿದರೆ 3 ಸೈನ್(2ಎಕ್ಸ್ − 120°) + 1.

ಪ್ರಶ್ನೆಯಲ್ಲಿ 60, ಗ್ರಾಫಿನಲ್ಲಿ 120. ಉಳಿದ ಮೂರೂ ಸರಿ. ‘ಎಲ್ಲಾ ತಪ್ಪು’ ಅಂದಿದ್ದು ನಿಜವಾಗಿ ಒಂದೇ ತಪ್ಪು. ಇಡೀ ಅಲೆಯನ್ನು 30° ಎಡಕ್ಕೆ ತಳ್ಳಿದರೆ ಮುಗಿಯಿತು. ಇರಬೇಕಾದ ಐದು ಮುಖ್ಯ ಬಿಂದುಗಳು ಇವು: 30°ಯಲ್ಲಿ 1, 75°ಯಲ್ಲಿ 4, 120°ಯಲ್ಲಿ 1, 165°ಯಲ್ಲಿ −2, 210°ಯಲ್ಲಿ ಮತ್ತೆ 1. ಒಂದೊಂದಕ್ಕೂ ನಡುವೆ ಪೀರಿಯಡ್‌ನ ಕಾಲು ಭಾಗ, 45°.

ಈ ತಪ್ಪು ಯಾಕೆ ಬಂತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಅದರಲ್ಲಿ ಇನ್ನೊಂದು ಸೋಜಿಗ ಇದೆ.

ಲಕ್ಷಣ: ಅಲೆಯೇ ಇಲ್ಲ, ಗೆರೆ ನೆಟ್ಟಗಿದೆ

ಇಲ್ಲಿ ನಿಮ್ಮ ಗಣಿತವನ್ನು ಅನುಮಾನಿಸುವ ಮುಂಚೆ ಕ್ಯಾಲ್ಕುಲೇಟರ್ ನೋಡಿ. ಸೈನ್ 30 ಒತ್ತಿ. 0.5 ಬಂದರೆ ಡಿಗ್ರಿ ಮೋಡ್. −0.988 ಬಂದರೆ ರೇಡಿಯನ್ (360° ಅಂದರೆ 2ಪೈ, ಸುಮಾರು 6.28 ರೇಡಿಯನ್). 0.454 ಬಂದರೆ ಯಾರೋ ಗ್ರೇಡಿಯನ್‌ಗೆ ಹಾಕಿಟ್ಟಿದ್ದಾರೆ. ಅದು ಯಾರಿಗೂ ಬೇಕಾಗದ ಮೋಡ್, ಆದರೂ ಹೆಚ್ಚುಕಡಿಮೆ ಪ್ರತಿ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲೂ ಇರುತ್ತದೆ.

ಡಿಗ್ರಿ ಮೋಡ್‌ನಲ್ಲಿ 0ಯಿಂದ 6.28ರವರೆಗೆ ರೇಡಿಯನ್ ಬೆಲೆಗಳನ್ನು ಕೊಟ್ಟರೆ ಸೈನ್ ನಿಧಾನವಾಗಿ 0.109ರವರೆಗೆ ಏರುತ್ತದೆ, ಹೆಚ್ಚುಕಡಿಮೆ ಸ್ಕೇಲ್ ಇಟ್ಟು ಎಳೆದ ಗೆರೆಯ ಹಾಗೆ. ಕೊಸೈನ್ 1ರ ಹತ್ತಿರವೇ ಮಲಗಿಬಿಡುತ್ತದೆ. ಎಕ್ಸೆಲ್‌ನಲ್ಲಿ ಇದು ಉಲ್ಟಾ. ಅದಕ್ಕೆ ಗೊತ್ತಿರುವುದು ರೇಡಿಯನ್ ಮಾತ್ರ. 0, 10, 20 ಅಂತ ಡಿಗ್ರಿ ಹಾಕಿದರೆ ಗೆರೆ ಹುಚ್ಚಾಪಟ್ಟೆ ಮೇಲೆ ಕೆಳಗೆ ಕುಣಿಯುತ್ತದೆ. ಪೈ/180ರಿಂದ ಗುಣಿಸಿ ಕೊಡಿ, ಸರಿಹೋಗುತ್ತದೆ.

ಮೋಡ್ ಸರಿ ಇದ್ದೂ ಗೆರೆ ಸೊನ್ನೆಯ ಮೇಲೇ ಮಲಗಿದ್ದರೆ, ಬಿಂದುಗಳನ್ನು ಎಷ್ಟೆಷ್ಟು ದೂರಕ್ಕೆ ತೆಗೆದುಕೊಂಡಿದ್ದೀರಿ ನೋಡಿ. ಸೈನ್ 2ಎಕ್ಸ್‌ಗೆ 0°, 90°, 180°, 270° ಹಾಕಿದರೆ ಎಲ್ಲಾ ಬೆಲೆಯೂ ಸೊನ್ನೆ. ನಡುವೆ ಅಲೆ ಎದ್ದು ಬಿದ್ದು ಹೋಗಿರುತ್ತದೆ, ನೀವು ನೋಡಿರುವುದಿಲ್ಲ. ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಸೈನ್ 10ಎಕ್ಸ್‌ಗೆ 30°ಗೊಂದು ಬಿಂದು ಇಡಿ. 0, −0.866, −0.866, 0, 0.866 ಅಂತ ಬರುತ್ತದೆ. ಜೋಡಿಸಿದರೆ ಅಂದವಾದ ಅಲೆಯೇ ಸಿಗುತ್ತದೆ. ಆದರೆ ಅದು −ಸೈನ್ 2ಎಕ್ಸ್‌ನ ಅಲೆ! ಬಿಂದುಗಳು ಒಂದೂ ತಪ್ಪಿಲ್ಲ, ಗ್ರಾಫ್ ಮಾತ್ರ ಪೂರ್ತಿ ಬೇರೆಯದು. ಅದಕ್ಕೇ ಟೇಬಲ್ ಹಾಕುವ ಮುಂಚೆ ಪೀರಿಯಡ್ ಲೆಕ್ಕ ಮಾಡಿ. ಒಂದು ಪೀರಿಯಡ್‌ಗೆ ಎಂಟು ಬಿಂದುವಾದರೂ ಇರಲಿ.

ಲಕ್ಷಣ: ತುದಿ ಮತ್ತು ತಳದ ಬೆಲೆ ತಪ್ಪು

ಇದನ್ನು ಬೇಗ ಹಿಡಿಯಲು ಒಂದು ಪರೀಕ್ಷೆ ಇದೆ. ತುದಿ ಎಷ್ಟು ತಪ್ಪಿದೆ, ತಳ ಎಷ್ಟು ತಪ್ಪಿದೆ, ಎರಡನ್ನೂ ಬರೆದುಕೊಳ್ಳಿ. ಎರಡೂ ಒಂದೇ ದಿಕ್ಕಿಗೆ, ಒಂದೇ ಅಳತೆಯಷ್ಟು ಸರಿದಿದ್ದರೆ ಮಿಡ್‌ಲೈನ್ ತಪ್ಪು. ತುದಿ ಮೇಲಕ್ಕೆ, ತಳ ಕೆಳಕ್ಕೆ ಹೋಗಿದ್ದರೆ, ಅಥವಾ ಎರಡೂ ಒಳಕ್ಕೆ ಬಂದಿದ್ದರೆ ಆಂಪ್ಲಿಟ್ಯೂಡ್ ತಪ್ಪು.

ನಮ್ಮೂರಿನದೇ ಲೆಕ್ಕದಲ್ಲಿ ನೋಡೋಣ. ಹಾಸನದಲ್ಲಿ ಹಗಲಿನ ಉದ್ದ ವರ್ಷವಿಡೀ ಹೇಗೆ ಬದಲಾಗುತ್ತದೆ ಅಂತ ಗ್ರಾಫ್ ಹಾಕಿದರೆ ಒಳ್ಳೆಯ ಸೈನ್ ಅಲೆ ಸಿಗುತ್ತದೆ. ಜೂನ್ 21ರ ಸುಮಾರಿಗೆ ಹಗಲು 12 ಗಂಟೆ 53 ನಿಮಿಷದ ಹತ್ತಿರ. ಡಿಸೆಂಬರ್ 21ರ ಸುಮಾರಿಗೆ 11 ಗಂಟೆ 21 ನಿಮಿಷದ ಹತ್ತಿರ. ಮಿಡ್‌ಲೈನ್ ಎಷ್ಟು ಅಂತ ಕೇಳಿದರೆ ಮಕ್ಕಳು ಲೆಕ್ಕ ಮಾಡುವುದೇ ಇಲ್ಲ. ‘ಹಗಲು ರಾತ್ರಿ ಸಮ ಅಲ್ವಾ ಸರ್, 12 ಗಂಟೆ’ ಅಂದುಬಿಡುತ್ತಾರೆ. ಆ 12ರ ಮೇಲೆ 46 ನಿಮಿಷದ ಅಲೆ ಕೂರಿಸಿದರೆ ತುದಿ 12:46, ತಳ 11:14. ಎರಡೂ 7 ನಿಮಿಷ ಕಡಿಮೆ. ಒಂದೇ ದಿಕ್ಕು, ಒಂದೇ ಅಳತೆ. ಆಂಪ್ಲಿಟ್ಯೂಡನ್ನು ಮುಟ್ಟಬೇಡಿ, ಮಿಡ್‌ಲೈನನ್ನು 12 ಗಂಟೆ 7 ನಿಮಿಷಕ್ಕೆ ಏರಿಸಿ.

ಆ 7 ನಿಮಿಷ ಸುಮ್ನೆ ಬಂದಿದ್ದಲ್ಲ. ಸೂರ್ಯನ ಮೇಲಂಚು ಕಂಡ ಕೂಡಲೇ ಉದಯ ಅನ್ನುತ್ತೇವೆ, ಸಂಜೆ ಮೇಲಂಚು ಮರೆಯಾಗುವವರೆಗೂ ಹಗಲು ಅನ್ನುತ್ತೇವೆ. ಜೊತೆಗೆ ಗಾಳಿ ಬೆಳಕನ್ನು ಬಾಗಿಸುವುದರಿಂದ, ದಿಗಂತದ ಕೆಳಗಿರುವ ಸೂರ್ಯನೂ ನಮಗೆ ಸ್ವಲ್ಪ ಹೊತ್ತು ಕಾಣುತ್ತಾನೆ. ಬೆಳಗ್ಗೆ ಮೂರು ಚಿಲ್ಲರೆ ನಿಮಿಷ, ಸಂಜೆ ಅಷ್ಟೇ.

ನಿಮಿಷದ ಲೆಕ್ಕದಲ್ಲಿ ಸಮೀಕರಣ ಹೀಗೆ: ಹಗಲಿನ ಉದ್ದ = 727 + 46 ಸೈನ್[(360/365)(ದಿನ − 80)]. ಇಲ್ಲಿ 80 ಅಂದರೆ ಮಾರ್ಚ್ 21, ವರ್ಷದ 80ನೇ ದಿನ. ಜೂನ್ 21ಕ್ಕೆ 172 ಹಾಕಿ ನೋಡಿ, 773 ನಿಮಿಷ ಬರುತ್ತದೆ. ದೆಹಲಿಗೆ ಇದೇ ಗ್ರಾಫ್ ಹಾಕಿದರೆ ಪೀರಿಯಡ್ ಅದೇ, ಶಿಫ್ಟ್ ಅದೇ, ಮಿಡ್‌ಲೈನೂ ಹೆಚ್ಚುಕಡಿಮೆ ಅದೇ. ಆಂಪ್ಲಿಟ್ಯೂಡ್ ಮಾತ್ರ ಒಂದೂಮುಕ್ಕಾಲು ಗಂಟೆ ದಾಟುತ್ತದೆ.

ಆಂಪ್ಲಿಟ್ಯೂಡ್ ತಪ್ಪುವುದು ಎರಡೇ ಕಾರಣಕ್ಕೆ. ತುದಿಯಿಂದ ತಳದವರೆಗಿನ ಪೂರ್ತಿ ಎತ್ತರವನ್ನೇ ಆಂಪ್ಲಿಟ್ಯೂಡ್ ಅಂದುಬಿಡುವುದು ಒಂದು: 46ರ ಬದಲು 92. ಮಿಡ್‌ಲೈನಿನಿಂದ ಅಳೆಯದೆ ಸೊನ್ನೆಯಿಂದ ಅಳೆಯುವುದು ಇನ್ನೊಂದು. ಮೈನಸ್ ಇದ್ದರೆ ಗಾಬರಿ ಬೇಡ. −2 ಕೊಸೈನ್ ಎಕ್ಸ್‌ಗೆ ಆಂಪ್ಲಿಟ್ಯೂಡ್ 2ನೇ. ಅಲೆ ಮಗುಚಿರುತ್ತದೆ, ತುದಿಯ ಜಾಗದಲ್ಲಿ ತಳ.

ಹಿಂದಕ್ಕೆ ಓದಿದಾಗ ಪ್ರಶ್ನೆಯಲ್ಲಿ ಎಲ್ಲೂ ಇಲ್ಲದ ಸಂಖ್ಯೆ ಸಿಕ್ಕರೆ ಅದೂ ಸುಳಿವೇ. ಮೇಲೆ 4, ಕೆಳಗೆ −3 ಇದೆ ಅಂದುಕೊಳ್ಳಿ. ಮಿಡ್‌ಲೈನ್ 0.5, ಆಂಪ್ಲಿಟ್ಯೂಡ್ 3.5. ನಮ್ಮ ಪ್ರಶ್ನೆಯಲ್ಲಿ 0.5 ಎಲ್ಲಿದೆ? ತುದಿಗೆ 1 ಕೂಡಿಸಿ ತಳಕ್ಕೆ ಕೂಡಿಸಲು ಮರೆತಿದ್ದೀರಿ. ಮಿಡ್‌ಲೈನ್ 3 ಅಂತ ಬಂದರೆ 3 ಸೈನ್(...) + 1 ಅನ್ನುವುದನ್ನು 3[ಸೈನ್(...) + 1] ಅಂತ ಓದಿಕೊಂಡಿದ್ದೀರಿ.

ಲಕ್ಷಣ: ಅಲೆಗಳು ಜಾಸ್ತಿ ಅಥವಾ ಕಡಿಮೆ

0°ಯಿಂದ 360°ವರೆಗೆ ಎಷ್ಟು ಪೂರ್ತಿ ಅಲೆ ಇವೆ ಎಣಿಸಿ. ಎಕ್ಸ್ ಜೊತೆ ಇರುವ ಸಂಖ್ಯೆ ಎಷ್ಟೋ ಅಷ್ಟೇ ಇರಬೇಕು. ಸೈನ್ 3ಎಕ್ಸ್‌ಗೆ ಮೂರು, ಸೈನ್(ಎಕ್ಸ್/2)ಗೆ ಅರ್ಧ. ಮೂರರ ಜಾಗದಲ್ಲಿ ಮೂರನೇ ಒಂದು ಭಾಗ ಬಂದಿದ್ದರೆ ಭಾಗಿಸುವ ಕಡೆ ಗುಣಿಸಿದ್ದೀರಿ.

ಸರಿಯಾಗಿ ಎರಡರಷ್ಟು ಅಥವಾ ಅರ್ಧದಷ್ಟು ತಪ್ಪಿದ್ದರೆ ಕಾರಣ ಬೇರೆ: ತುದಿಯಿಂದ ತಳಕ್ಕೆ ಅಳೆದು ಅದನ್ನೇ ಪೀರಿಯಡ್ ಅಂದಿದ್ದೀರಿ. ಮಿಡ್‌ಲೈನ್ ದಾಟುವ ಪಕ್ಕಪಕ್ಕದ ಎರಡು ಜಾಗ ಅಳೆದರೂ ಹೀಗೇ ಆಗುತ್ತದೆ, ಒಂದು ಹತ್ತುವಾಗ, ಇನ್ನೊಂದು ಇಳಿಯುವಾಗ. ಒಂದೇ ಮುಖವಾಗಿ ದಾಟುವ ಎರಡು ಜಾಗ ಬೇಕು.

ತಿಂಗಳ ಲೆಕ್ಕದ ಪ್ರಶ್ನೆಗಳಲ್ಲಿ ಸೈನ್(ಪೈ ಎಕ್ಸ್/6) ಅಂತ ಬರುತ್ತದೆ. ಪೀರಿಯಡ್ 2ಪೈಯನ್ನು ಪೈ/6ರಿಂದ ಭಾಗಿಸಿ 12. ಉತ್ತರದಲ್ಲಿ ಪೈ ಇಲ್ಲ ಅಂತ ಮಕ್ಕಳಿಗೆ ಅನುಮಾನ ಬರುತ್ತದೆ. ಹನ್ನೆರಡು ತಿಂಗಳಿಗೊಮ್ಮೆ ಮರಳುವುದಕ್ಕೆ ಪೈ ಯಾಕೆ ಬೇಕು?

ಮೊದಲ ಅಲೆ ಸರಿ, ಆಮೇಲಿನವು ಸರಿಯಿಲ್ಲ

ಪೀರಿಯಡ್ ತಪ್ಪೋ ಫೇಸ್ ಶಿಫ್ಟ್ ತಪ್ಪೋ ಗೊತ್ತಾಗದಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ. ನಿಮ್ಮ ಗ್ರಾಫಿಗೂ ಸರಿಯಾದ ಗ್ರಾಫಿಗೂ ಇರುವ ಅಂತರ ಬೆಳೆಯುತ್ತಿದೆಯಾ, ಅಥವಾ ಇದ್ದಷ್ಟೇ ಇದೆಯಾ? ಪ್ರತಿ ಅಲೆಯಲ್ಲೂ ಅಷ್ಟೇ ಇದ್ದರೆ ಶಿಫ್ಟ್. ಅಲೆಯಿಂದ ಅಲೆಗೆ ಬೆಳೆಯುತ್ತಾ ಹೋದರೆ ಪೀರಿಯಡ್. ಸೈನ್ 2ಎಕ್ಸ್‌ಗೆ ರೇಡಿಯನ್ನಿನಲ್ಲಿ ಪೀರಿಯಡ್ 3.14. ‘ಸುಮಾರು 3’ ಅಂತ ಹಿಡಿದರೆ ಮೊದಲ ಅಲೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಐದನೇ ಅಲೆ ಮುಗಿಯುವ ಹೊತ್ತಿಗೆ 0.7ರಷ್ಟು ಹಿಂದೆ ಸರಿದಿರುತ್ತದೆ, ಹೆಚ್ಚುಕಡಿಮೆ ಕಾಲು ಅಲೆ.

ಇದು ಪರೀಕ್ಷೆಗೆ ಮಾತ್ರ ಸೇರಿದ ಮಾತಲ್ಲ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ. ಅದರ ದೊಡ್ಡ ಆಂಟೆನಾಗಳನ್ನು ನೋಡಿಕೊಂಡೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಭೂಮಿಯ ಜೊತೆಗೇ ಸುತ್ತುವ ಉಪಗ್ರಹಗಳ ನಿಗಾ ಅಲ್ಲಿನ ಕೆಲಸ. ದಾರಿ ತೋರಿಸುವ ನಮ್ಮ ದೇಶದ ನಾವಿಕ್ ಗುಂಪಿನ ಕೆಲವು ಉಪಗ್ರಹಗಳ ಕಕ್ಷೆ ಸುಮಾರು 29° ಓರೆಯಾಗಿದೆ. ಆದ್ದರಿಂದ ಅವು ಸಮಭಾಜಕದಿಂದ 29° ಉತ್ತರಕ್ಕೆ, 29° ದಕ್ಷಿಣಕ್ಕೆ ದಿನವೂ ಹೋಗಿ ಬರುತ್ತವೆ. ಗ್ರಾಫ್ ಹೆಚ್ಚುಕಡಿಮೆ ಸೈನ್. ಮಿಡ್‌ಲೈನ್ 0, ಆಂಪ್ಲಿಟ್ಯೂಡ್ 29. ಪೀರಿಯಡ್? 24 ಗಂಟೆ ಅಂದರೆ ತಪ್ಪು. ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ ಒಂದು ಸುತ್ತು ಹಾಕುವುದು 23 ಗಂಟೆ 56 ನಿಮಿಷಕ್ಕೆ. ನಾಲ್ಕು ನಿಮಿಷ ತಾನೇ ಅಂತ ಬಿಟ್ಟರೆ ತಿಂಗಳಿಗೆ ಸುಮಾರು ಎರಡು ಗಂಟೆ, ಮೂರು ತಿಂಗಳಿಗೆ ಆರು ಗಂಟೆ ಸರಿಯುತ್ತದೆ. ಆರು ಗಂಟೆ ಅಂದರೆ ಕಾಲು ಅಲೆ. ನಿಮ್ಮ ಗ್ರಾಫ್ ‘29° ಉತ್ತರದಲ್ಲಿದೆ’ ಅನ್ನುವಾಗ ಉಪಗ್ರಹ ಸಮಭಾಜಕದ ಮೇಲಿರುತ್ತದೆ.

ಲಕ್ಷಣ: ಅಲೆ ಚೆನ್ನಾಗಿದೆ, ಜಾಗ ಸರಿಯಿಲ್ಲ

ಈಗ ಆ ಹುಡುಗಿಯ ಗ್ರಾಫಿಗೆ ಬರೋಣ. ಅವಳು 2ಎಕ್ಸ್ − 60° ನೋಡಿ 60°ಯನ್ನೇ ಶಿಫ್ಟ್ ಅಂತ ತೆಗೆದುಕೊಂಡಿದ್ದಳು. 60 ಇರುವುದು 2ಎಕ್ಸ್‌ನ ಜೊತೆ. ಎಕ್ಸ್ ಅಕ್ಷದ ಮೇಲೆ ಎಷ್ಟು ಸರಿಯಬೇಕು ಅನ್ನಲು 2ರಿಂದ ಭಾಗಿಸಬೇಕು. ಸೂತ್ರ ನೆನಪಿಡುವ ಬದಲು ಬ್ರಾಕೆಟ್ಟಿನೊಳಗೆ ಇರುವುದನ್ನು ಸೊನ್ನೆ ಮಾಡಿ: 2ಎಕ್ಸ್ − 60 = 0, ಎಕ್ಸ್ = 30. ದಿಕ್ಕಿನ ಗೊಂದಲವೂ ಇದರಲ್ಲೇ ತೀರುತ್ತದೆ. ಸೈನ್(ಎಕ್ಸ್ + 30°) ಆದರೆ ಎಕ್ಸ್ = −30, ಅಂದರೆ ಎಡಕ್ಕೆ. ಪ್ಲಸ್ ಬಲಕ್ಕೋ ಎಡಕ್ಕೋ ಅಂತ ಬಾಯಿಪಾಠ ಮಾಡುವವರು ಪರೀಕ್ಷೆಯ ದಿನ ಖಂಡಿತ ಉಲ್ಟಾ ಮಾಡುತ್ತಾರೆ.

ಸೋಜಿಗ ಅಂದಿದ್ದು ಇದಕ್ಕೆ. ಅವಳು ಗ್ರಾಫ್ ಬರೆದ ಮೇಲೆ ತಾಳೆ ನೋಡಿದ್ದಳು. ಎಲ್ಲರ ಹಾಗೆ ಎಕ್ಸ್ = 0 ಹಾಕಿದ್ದಳು. 3 ಸೈನ್(−60°) + 1, ಸುಮಾರು −1.6. ಅವಳ ಗ್ರಾಫಿನಲ್ಲೂ ಆ ಜಾಗದಲ್ಲಿ −1.6 ಇತ್ತು! ಸೈನ್(−60°), ಸೈನ್(−120°) ಎರಡಕ್ಕೂ ಒಂದೇ ಬೆಲೆ. ಸರಿಯಾದ ಗ್ರಾಫ್ ಆ ಬಿಂದುವಿನಲ್ಲಿ ಮೇಲಕ್ಕೆ ಹತ್ತುತ್ತಿರುತ್ತದೆ, ಅವಳದು ತಳಕ್ಕೆ ಇಳಿಯುತ್ತಿತ್ತು. ತಪ್ಪು ಗ್ರಾಫ್ ತಾಳೆಯಲ್ಲಿ ಪಾಸಾಗಿಬಿಟ್ಟಿತು.

ತುದಿ ಮತ್ತು ತಳ ಬಿಟ್ಟು ಬೇರೆ ಎತ್ತರಗಳು ಒಂದು ಪೀರಿಯಡ್‌ನಲ್ಲಿ ಎರಡೆರಡು ಸಲ ಬರುತ್ತವೆ. ತುದಿ ಒಂದೇ ಸಲ. ಹಾಗಾಗಿ ತಾಳೆ ನೋಡಲು ತುದಿಯೇ ಒಳ್ಳೆಯದು. ನಿಮ್ಮ ಗ್ರಾಫಿನ ತುದಿ 105°ಯಲ್ಲಿದೆಯಾ? ಬ್ರಾಕೆಟ್ಟಿಗೆ ಹಾಕಿ: 210 − 60 = 150. ಸೈನ್ 150° ಅಂದರೆ 0.5, 1 ಅಲ್ಲ. ಅಲ್ಲೇ ಸಿಕ್ಕಿಬಿತ್ತು. 75° ಹಾಕಿದರೆ 90, ಸೈನ್ 90° = 1. ಸರಿ.

ಭಾಗಿಸಲು ಮರೆಯುವುದು, ದಿಕ್ಕು ತಪ್ಪುವುದು, ಎರಡನ್ನೂ ತೋಟದ ಮೋಟರ್‌ನಲ್ಲಿ ನೋಡಬಹುದು. ಮನೆಯ ಕರೆಂಟು 230 ವೋಲ್ಟ್, 50 ಹರ್ಟ್ಸ್ ಅನ್ನುತ್ತೇವೆ. ಆ 230 ಆಂಪ್ಲಿಟ್ಯೂಡ್ ಅಲ್ಲ, ಆರ್‌ಎಂಎಸ್ ಬೆಲೆ, ಅಂದರೆ ಒಂದು ಬಗೆಯ ಸರಾಸರಿ. ಅಲೆಯ ತುದಿ ಅದರ 1.414ರಷ್ಟು, ಸುಮಾರು 325 ವೋಲ್ಟ್. ಪೀರಿಯಡ್ 1/50 ಸೆಕೆಂಡ್, ಅಂದರೆ 20 ಮಿಲಿಸೆಕೆಂಡ್. ತ್ರೀ ಫೇಸ್‌ನಲ್ಲಿ ಇಂಥ ಮೂರು ಅಲೆಗಳು, ಆರ್, ವೈ, ಬಿ, ಒಂದರ ಹಿಂದೆ ಒಂದು 120° ತಡವಾಗಿ ಬರುತ್ತವೆ. ಸಮಯದ ಅಕ್ಷದ ಮೇಲೆ 120 ಅಂತ ಬರೆಯಲಾಗುವುದಿಲ್ಲ. ಅದು ಪೀರಿಯಡ್‌ನ ಮೂರನೇ ಒಂದು ಭಾಗ, 6.67 ಮಿಲಿಸೆಕೆಂಡ್. ಭಾಗಿಸುವುದು ಇಲ್ಲೂ ತಪ್ಪಿದ್ದಲ್ಲ.

ಇನ್ನು ಮೈನಸ್ 120 ಇರುವ ಕಡೆ ಪ್ಲಸ್ 120 ಆದರೆ? ಎರಡು ವೈರ್ ಅದಲುಬದಲಾದಾಗ ಆಗುವುದು ಅದೇ. ಮೋಟರ್ ಉಲ್ಟಾ ತಿರುಗುತ್ತದೆ. ಬೋರ್‌ವೆಲ್ ಪಂಪಿನಲ್ಲಿ ನೀರು ಬಂದರೂ ಸಣ್ಣಗೆ ಬರುತ್ತದೆ. ಎಲೆಕ್ಟ್ರಿಷಿಯನ್ ಯಾವುದಾದರೂ ಎರಡು ಫೇಸ್ ಬದಲಿಸಿ ಕೊಟ್ಟರೆ ಸರಿಹೋಗುತ್ತದೆ. ಶಿಫ್ಟ್‌ನ ಚಿಹ್ನೆ ತಪ್ಪಿದರೆ ಏನು ಮಹಾ ಅನ್ನುವ ಹುಡುಗರಿಗೆ ನಾನು ಹೇಳುವುದು ಇದನ್ನೇ. ತೋಟದವರ ಮನೆ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಆದರೆ ಮೋಟರ್ ಬಿಚ್ಚಿ ನೋಡುವ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ.

ತಪ್ಪಲ್ಲದಿದ್ದರೂ ತಪ್ಪಿನಂತೆ ಕಾಣುವುದು

ಎಕ್ಸ್ ಅಕ್ಷವನ್ನು ದಾಟುವ ಜಾಗಗಳು ಒಂದೇ ದೂರಕ್ಕೆ ಇಲ್ಲ ಅಂತ ಕೆಲವರು ಗ್ರಾಫ್ ಹರಿದು ಹಾಕುತ್ತಾರೆ. ನಮ್ಮ ಉದಾಹರಣೆಯಲ್ಲಿ ಸೈನ್ ಬೆಲೆ −1/3 ಆದಾಗ ವೈ ಸೊನ್ನೆ. ಅದು 20.3° ಮತ್ತು 129.7°ಯಲ್ಲಿ. ಅಕ್ಷದ ಮೇಲೆ ಸುಮಾರು 109°, ಕೆಳಗೆ ಸುಮಾರು 71°. ಸರಿಯಾಗಿಯೇ ಇದೆ. ಸಮ ದೂರದಲ್ಲಿ ಇರಬೇಕಾದದ್ದು ಮಿಡ್‌ಲೈನ್ ದಾಟುವ ಜಾಗಗಳು, 30° ಮತ್ತು 120°. ಮಿಡ್‌ಲೈನ್ ಸೊನ್ನೆಯ ಮೇಲೇ ಇದ್ದರೆ ಮಾತ್ರ ಎರಡೂ ಒಂದೇ. ಹಗಲಿನ ಉದ್ದದ ಗ್ರಾಫ್ ಅಂತೂ ಎಕ್ಸ್ ಅಕ್ಷದ ಹತ್ತಿರಕ್ಕೂ ಬರುವುದಿಲ್ಲ.

ಆಕಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೈನ್ 30°ಗೇ ಅರ್ಧ ಎತ್ತರ ಹತ್ತಿಬಿಡುತ್ತದೆ, 60°ಗೆ 0.87, ಉಳಿದ ಸ್ವಲ್ಪಕ್ಕೆ ಇನ್ನೂ 30° ತೆಗೆದುಕೊಳ್ಳುತ್ತದೆ. ನಿಮ್ಮ ಗ್ರಾಫಿನಲ್ಲಿ 45°ಗೆ ಅರ್ಧ ಎತ್ತರ ಇದ್ದರೆ ಸ್ಕೇಲ್ ಇಟ್ಟು ಎಳೆದಿದ್ದೀರಿ. ಕೈವಾರದಲ್ಲಿ ಅರ್ಧ ವೃತ್ತ ಎಳೆಯುವವರೂ ಇದ್ದಾರೆ. ಬೇಡ.

ಏನು ಮಾಡಿದರೂ ಹೊಂದುತ್ತಿಲ್ಲ

ಕೆಲವು ಸಲ ಅದು ಸೈನ್ ಅಲೆಯೇ ಆಗಿರುವುದಿಲ್ಲ. ಗೊರೂರಿನ ಹೇಮಾವತಿ ಜಲಾಶಯದ ನೀರು ಪ್ರತಿ ವರ್ಷ ಏರುತ್ತದೆ, ಇಳಿಯುತ್ತದೆ. ಮಳೆಗಾಲದಲ್ಲಿ ಶೆಟ್ಟಿಹಳ್ಳಿ ಚರ್ಚ್ ಅರ್ಧಂಬರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಪೂರ್ತಿ ಕಾಣುತ್ತದೆ. ವರ್ಷಕ್ಕೊಮ್ಮೆ ಮರಳುತ್ತದೆ ನಿಜ, ಆದರೆ ಮುಂಗಾರಿನಲ್ಲಿ ಬೇಗ ತುಂಬಿ ಆಮೇಲೆ ನಿಧಾನಕ್ಕೆ ಖಾಲಿಯಾಗುವುದು ಸೈನ್ ಅಲ್ಲ. ಸೈನ್ ಆಗಿದ್ದರೆ ತಳದಿಂದ ತುದಿಗೆ ಹೋಗಲು ಎಷ್ಟು ಹೊತ್ತೋ, ತುದಿಯಿಂದ ತಳಕ್ಕೆ ಬರಲೂ ಅಷ್ಟೇ ಹೊತ್ತು ಬೇಕು. ಈ ಪರೀಕ್ಷೆಯಲ್ಲಿ ಫೇಲಾದರೆ ಐದು ಬಿಂದುಗಳ ಗೋಜಿಗೆ ಹೋಗಬೇಡಿ.

ಇನ್ನೊಂದು ಬಗೆಯದು ಅಳತೆಯ ತಪ್ಪು. ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಒಂದು ಮೀಟರ್ ಕೋಲು ನೆಟ್ಟು, ಸೂರ್ಯ ಅತಿ ಎತ್ತರಕ್ಕೆ ಬರುವ ಹೊತ್ತಿಗೆ ನೆರಳು ಅಳೆಯುತ್ತಾ ಹೋಗಿ. ಹಾಸನದಲ್ಲಿ ಡಿಸೆಂಬರ್ 21ಕ್ಕೆ ನೆರಳು ಸುಮಾರು 74 ಸೆಂಟಿಮೀಟರ್. ಕಡಿಮೆಯಾಗುತ್ತಾ ಏಪ್ರಿಲ್ 24ರ ಆಸುಪಾಸಿಗೆ ಸೊನ್ನೆ. ಆಮೇಲೆ ಬೆಳೆದು ಜೂನ್ 21ಕ್ಕೆ 18 ಸೆಂಟಿಮೀಟರ್, ಮತ್ತೆ ಇಳಿದು ಆಗಸ್ಟ್ 18ರ ಸುಮಾರಿಗೆ ಸೊನ್ನೆ, ಆಮೇಲೆ ಪುನಃ ಏರಿಕೆ. ಗ್ರಾಫ್ ಹಾಕಿದರೆ ವರ್ಷಕ್ಕೆ ಎರಡು ಗುಡ್ಡ, ಒಂದು ದೊಡ್ಡದು, ಒಂದು ಚಿಕ್ಕದು. ಸೊನ್ನೆ ಮುಟ್ಟುವ ಎರಡೂ ಕಡೆ ಚೂಪು ಮೂಲೆ. ಪೀರಿಯಡ್ ಎಷ್ಟು ಅಂತಲೇ ಹೇಳಲಾಗದು.

ಚೂಪು ಮೂಲೆ ಕಂಡರೆ ಅನುಮಾನಪಡಿ. ಸೈನ್‌ಗೆ ಎಲ್ಲೂ ಮೂಲೆ ಇಲ್ಲ. ಇಲ್ಲಿ ಆಗಿರುವುದೇನೆಂದರೆ ನೆರಳಿನ ಉದ್ದ ಬರೆದಿದ್ದೀರಿ, ದಿಕ್ಕು ಬರೆದಿಲ್ಲ. ಡಿಸೆಂಬರ್‌ನಲ್ಲಿ ನೆರಳು ಉತ್ತರಕ್ಕೆ ಬೀಳುತ್ತದೆ, ಜೂನ್‌ನಲ್ಲಿ ದಕ್ಷಿಣಕ್ಕೆ. ದಕ್ಷಿಣದ್ದಕ್ಕೆ ಮೈನಸ್ ಹಾಕಿ. ಉದ್ದದ ಬದಲು ಕೋನ ತೆಗೆದುಕೊಳ್ಳಿ, ಅಂದರೆ ನೆತ್ತಿಯಿಂದ ಸೂರ್ಯ ಎಷ್ಟು ಡಿಗ್ರಿ ಸರಿದಿದ್ದಾನೆ ಅನ್ನುವುದು. ಡಿಸೆಂಬರ್‌ಗೆ 36.4, ಜೂನ್‌ಗೆ −10.4. ಚಿಕ್ಕ ಗುಡ್ಡ ಮಗುಚಿ ಕೆಳಗಿಳಿಯುತ್ತದೆ, ಮೂಲೆಗಳು ಮಾಯವಾಗುತ್ತವೆ, ಒಂದೇ ಒಂದು ಅಲೆ ಉಳಿಯುತ್ತದೆ.

ಈಗ ಅದನ್ನು ಹಿಂದಕ್ಕೆ ಓದಿ. ಮಿಡ್‌ಲೈನ್: 36.4 ಮತ್ತು −10.4 ಕೂಡಿ ಅರ್ಧ, 13. ಹಾಸನದ ಅಕ್ಷಾಂಶ 13°! ಆಂಪ್ಲಿಟ್ಯೂಡ್: 46.8ರ ಅರ್ಧ, 23.4. ಅದು ಭೂಮಿಯ ಅಕ್ಷದ ಓರೆ. ಪೀರಿಯಡ್ ಒಂದು ವರ್ಷ. ಚಿಕ್ಕಮಗಳೂರಿನಲ್ಲಿ ಇದೇ ಕೋಲು ನೆಟ್ಟರೆ ಆಂಪ್ಲಿಟ್ಯೂಡ್ ಹಾಗೇ ಇರುತ್ತದೆ, ಮಿಡ್‌ಲೈನ್ ಮಾತ್ರ 13.3ಕ್ಕೆ ಏರುತ್ತದೆ. ನಿಮ್ಮ ಮಿಡ್‌ಲೈನ್ 15 ಅಂತ ಬಂದರೆ ಕೋಲು ನೆಟ್ಟಗಿಲ್ಲ ಅಂತ ಅರ್ಥ.

ಉತ್ತರ ಪುಸ್ತಕದಲ್ಲಿ ಬೇರೆ ಇದೆ

ಗ್ರಾಫ್ ಕೊಟ್ಟು ಸಮೀಕರಣ ಕೇಳಿದಾಗ ನೀವು ಸೈನ್(2ಎಕ್ಸ್ − 60°) ಬರೆದಿರುತ್ತೀರಿ, ಪುಸ್ತಕದಲ್ಲಿ ಕೊಸೈನ್(2ಎಕ್ಸ್ − 150°) ಇರುತ್ತದೆ. ತಕ್ಷಣ ಹೊಡೆದು ಹಾಕಬೇಡಿ. ತುದಿಯ ಪರೀಕ್ಷೆ ಮಾಡಿ. ನಿಮ್ಮದರ ತುದಿ 75°ಯಲ್ಲಿ. ಕೊಸೈನ್‌ಗೆ ತುದಿ ಬರುವುದು ಬ್ರಾಕೆಟ್ ಸೊನ್ನೆಯಾದಾಗ, 2ಎಕ್ಸ್ = 150, ಅದೂ 75°. ಪೀರಿಯಡ್ ಎರಡರದ್ದೂ 180°. ತುದಿಯ ಜಾಗ, ಪೀರಿಯಡ್, ಮಿಡ್‌ಲೈನ್, ಆಂಪ್ಲಿಟ್ಯೂಡ್ ನಾಲ್ಕೂ ಹೊಂದಿದರೆ ಎರಡೂ ಒಂದೇ ಗ್ರಾಫ್, ಎರಡೂ ಉತ್ತರ ಸರಿ. ಪ್ರಶ್ನೆಯಲ್ಲಿ ‘ಕೊಸೈನ್ ರೂಪದಲ್ಲಿ ಬರೆಯಿರಿ’ ಅಂತ ಇದೆಯಾ ಅಂತ ಮಾತ್ರ ಇನ್ನೊಮ್ಮೆ ನೋಡಿಕೊಳ್ಳಿ.